13 ಎಣಿಕೆಯ ಪಾಪ್ ಹಾಡು

ಬ್ರಿಟನ್ನಿನ ರಾಕ್ ತಂಡ ಜೆನೆಸಿಸ್‌ನ 'ಟರ್ನ್ ಇಟ್ ಆನ್ ಅಗೇನ್' ಹಾಡು ಹಾಕಿ, ಸುಮ್ನೆ ತೊಡೆ ಮೇಲೆ ತಾಳ ತಟ್ಟಿ ನೋಡಿ. ನಾಲ್ಕರ ಲೆಕ್ಕದಲ್ಲಿ ಶುರು ಮಾಡಿದರೆ ಸ್ವಲ್ಪ ಹೊತ್ತಿಗೇ ಕೈ ಒಂದು ಕಡೆ, ಹಾಡು ಇನ್ನೊಂದು ಕಡೆ. 'ತಕಿಟ ತಕಿಟ, ತಕಿಟ ತಕದಿಮಿ' ಅಂತ ಹೇಳಿಕೊಳ್ಳಿ, ಸರಿಯಾಗಿ ಕೂರುತ್ತದೆ. ಆರು, ಆಮೇಲೆ ಏಳು. ಒಟ್ಟು 13. ಹೀಗಿದ್ದೂ 1980ರಲ್ಲಿ ಈ ಹಾಡು ಬ್ರಿಟನ್ನಿನ ಸಿಂಗಲ್ಸ್ (ಬಿಡಿ ಹಾಡಿನ ಪ್ಲೇಟುಗಳ) ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು. ಇದು ಉದ್ದುದ್ದ ಹಾಡು, ತಿರುಚಿದ ತಾಳಗಳ ಪ್ರೋಗ್ರೆಸಿವ್ ರಾಕಾ, ಸುಲಭವಾಗಿ ಗುನುಗುವ ಪಾಪಾ?

ಜೆನೆಸಿಸ್ ಬಗ್ಗೆ ಹಳೆಯ ಅಭಿಮಾನಿಗಳದ್ದು ಒಂದೇ ದೂರು: ಮೊದಲು ಚೆನ್ನಾಗಿದ್ದರು, ಆಮೇಲೆ ದುಡ್ಡಿನ ಹಿಂದೆ ಹೋದರು. ಅವರ ಲೆಕ್ಕ ಹೀಗೆ. 1972ರ 'ಫಾಕ್ಸ್‌ಟ್ರಾಟ್' ಆಲ್ಬಮ್ಮಿನ 'ಸಪ್ಪರ್ಸ್ ರೆಡಿ' ಸುಮಾರು 23 ನಿಮಿಷದ್ದು. ವೇದಿಕೆಯಲ್ಲಿ ಅದನ್ನು ಹಾಡುವಾಗ ಪೀಟರ್ ಗೇಬ್ರಿಯಲ್ ತಲೆ ಸುತ್ತ ದೊಡ್ಡ ಹೂವಿನ ದಳ ಕಟ್ಟಿಕೊಂಡು ನಿಲ್ಲುತ್ತಿದ್ದರು. 1975ರಲ್ಲಿ ಅವರು ತಂಡ ಬಿಟ್ಟರು. ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದರು. 1977ರಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಕೂಡ ಹೊರಟರು. ಮರುವರ್ಷ 'ಫಾಲೋ ಯು ಫಾಲೋ ಮಿ' ಎಂಬ ಪುಟ್ಟ ಪ್ರೇಮಗೀತೆ ಹಿಟ್ ಆಯಿತು. ಅಲ್ಲಿಗೆ ಕಥೆ ಮುಗಿಯಿತು ಅಂತಾರೆ.

ಆದರೆ ಕಥೆ ಶುರುವಾಗಿದ್ದೇ ಪಾಪ್‌ನಿಂದ. 1967ರಲ್ಲಿ ಚಾರ್ಟರ್‌ಹೌಸ್ ಶಾಲೆಯ ಈ ಹುಡುಗರಿಗೆ ಬೇಕಿದ್ದದ್ದು ಹಾಡು ಬರೆಯುವ ಕೆಲಸ. ಅವರ ನಿರ್ಮಾಪಕರಿಗೆ ಬೀ ಜೀಸ್ ಎಂಬ ಪಾಪ್ ತಂಡ ಇಷ್ಟ ಅಂತ, ಅದೇ ಧಾಟಿಯಲ್ಲಿ 'ದ ಸೈಲೆಂಟ್ ಸನ್' ಬರೆದುಕೊಟ್ಟರು. 1968ರ ಆ ಮೊದಲ ಸಿಂಗಲ್ ಓಡಲಿಲ್ಲ. ಓಡಿದ್ದರೆ 23 ನಿಮಿಷದ ಹಾಡು ಹುಟ್ಟುತ್ತಿತ್ತಾ? ನನಗಂತೂ ಅನುಮಾನ.

ಆಗ ಪಾಪ್‌ಗೂ ಪ್ರೋಗ್ರೆಸಿವ್‌ಗೂ ನಡುವೆ ಗೆರೆ ಎಳೆದದ್ದು ರಾಗಕ್ಕಿಂತ ಜಾಸ್ತಿ ಪ್ಲೇಟು. ಸಿಂಗಲ್ ಅಂದರೆ ಮೂರು ನಿಮಿಷದ ಆಸುಪಾಸು. ಇಡೀ ಆಲ್ಬಮ್ ಹಿಡಿಸುವ ದೊಡ್ಡ ಪ್ಲೇಟು, ಅಂದರೆ ಎಲ್‌ಪಿಯ ಒಂದು ಮಗ್ಗುಲಲ್ಲಿ 20 ನಿಮಿಷಕ್ಕೂ ಮೀರಿ ಜಾಗ. ಬೀಟಲ್ಸ್ 1967ರಲ್ಲೇ 'ಎ ಡೇ ಇನ್ ದ ಲೈಫ್'ನಲ್ಲಿ ಎರಡು ಬೇರೆ ಹಾಡುಗಳನ್ನು ಆರ್ಕೆಸ್ಟ್ರಾದ ಗದ್ದಲದಿಂದ ಬೆಸೆದು ದಾರಿ ತೋರಿಸಿದ್ದರು. ಪ್ರೋಗ್ರೆಸಿವ್ ತಂಡ ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಮ್ ಕೇಳಿ: ಕಿವಿಗಡಚಿಕ್ಕುವ ಮೊದಲ ಹಾಡು ಮುಗಿಯುತ್ತಿದ್ದಂತೆ ಕೊಳಲಿನ ಮೆಲು ಹಾಡೊಂದು ಬರುತ್ತದೆ. ಅದನ್ನು ಯಾರು ಬೇಕಾದರೂ ಗುನುಗಬಹುದು.

ಮತ್ತೆ 13ರ ಹಾಡಿಗೆ ಬರೋಣ. ಅದು ಇರುವ 'ಡ್ಯೂಕ್' ಆಲ್ಬಮ್ಮಿಗೆ ಅರ್ಧ ಗಂಟೆಯ ಒಂದು ದೊಡ್ಡ ಸರಣಿ ತಯಾರಾಗಿತ್ತು. ಇದನ್ನೂ 'ಸಪ್ಪರ್ಸ್ ರೆಡಿ'ಯ ಪಕ್ಕ ಇಟ್ಟು ತೂಗುತ್ತಾರೆ ಅಂತ ತಂಡದವರು ಅದನ್ನು ತುಂಡು ಮಾಡಿ ಅಲ್ಲಲ್ಲಿ ಹಂಚಿದರು. ಹಿಟ್ ಆಗಿದ್ದು ಆ ತುಂಡುಗಳಲ್ಲೊಂದು! ಅದೇ ವರ್ಷದ ಪ್ರವಾಸದಲ್ಲಿ ಮಾತ್ರ ಎಲ್ಲವನ್ನೂ ಮತ್ತೆ ಸಾಲಾಗಿ ಜೋಡಿಸಿ ನುಡಿಸಿದರು.

ಇವರೊಬ್ಬರೇ ಅಲ್ಲ. 1983ರಲ್ಲಿ ಯೆಸ್ ಎಂಬ ಇನ್ನೊಂದು ಪ್ರೋಗ್ರೆಸಿವ್ ತಂಡಕ್ಕೆ 'ಓನರ್ ಆಫ್ ಎ ಲೋನ್ಲಿ ಹಾರ್ಟ್' ನಿರ್ಮಿಸಿದ ಟ್ರೆವರ್ ಹಾರ್ನ್, ಬಗಲ್ಸ್ ಎಂಬ ಪಾಪ್ ಜೋಡಿಯಿಂದ ಬಂದವರು. ಅದಕ್ಕೂ ಮುಂಚೆ ಯೆಸ್‌ಗೇ ಗಾಯಕರಾಗಿದ್ದರು ಕೂಡ.

1986ರ ಜುಲೈನಲ್ಲಿ ಜೆನೆಸಿಸ್‌ನ 'ಇನ್ವಿಸಿಬಲ್ ಟಚ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮರುವಾರ ಅದನ್ನು ಕೆಳಗಿಳಿಸಿದ್ದು ಪೀಟರ್ ಗೇಬ್ರಿಯಲ್ ಅವರ 'ಸ್ಲೆಡ್ಜ್‌ಹ್ಯಾಮರ್'. ಹೂವಿನ ದಳ ಕಟ್ಟಿಕೊಂಡಿದ್ದವರೇ! ಇನ್ನು ಅದೇ ಜೆನೆಸಿಸ್ ಆಲ್ಬಮ್ಮಿನ 'ಟುನೈಟ್, ಟುನೈಟ್, ಟುನೈಟ್' ಎಲ್‌ಪಿಯಲ್ಲಿ ಹೆಚ್ಚುಕಮ್ಮಿ ಒಂಬತ್ತು ನಿಮಿಷ ಇದೆ. ಸಿಂಗಲ್ ಮಾಡುವಾಗ ಅದನ್ನು ಅರ್ಧಕ್ಕೆ ಕತ್ತರಿಸಿದರು. ರೇಡಿಯೊದಲ್ಲಿ ಕೇಳಿದವರಿಗೆ ಅದು ಪಾಪ್.