ಆಲ್ಬಂ ಮುಗಿಯುವುದು ಎಲ್ಲಿ? ಒಂದು ಹದಿಮೂರನೇ ಹಾಡಿನ ಲೆಕ್ಕ

ರ್ಯಾಪರ್ ಜಿಝಾನ 'ಲಿಕ್ವಿಡ್ ಸೋರ್ಡ್ಸ್' ಆಲ್ಬಂ ಬಂದದ್ದು 1995ರ ನವೆಂಬರ್ 7ರಂದು. ಅದರ ಸಿಡಿಯಲ್ಲಿ ಹದಿಮೂರು ಹಾಡುಗಳಿವೆ. ಆಗಿನ ಎಲ್‌ಪಿ, ಅಂದರೆ ಸೂಜಿಯಿಟ್ಟು ಕೇಳುವ ದೊಡ್ಡ ರೆಕಾರ್ಡ್ ತಟ್ಟೆ, ಹನ್ನೆರಡಕ್ಕೇ ನಿಲ್ಲುತ್ತದೆ. ರೆಕಾರ್ಡ್ ಕೂಡಿಡುವ ಗೆಳೆಯರು ಇದನ್ನು ನೋಡಿ ಬೇಜಾರಾಗುತ್ತಾರೆ. 'ಜಾಸ್ತಿ ದುಡ್ಡು ಕೊಟ್ಟು ಹಳೇ ಪ್ರತಿ ತಂದೆ, ಒಂದು ಹಾಡೇ ಇಲ್ಲವಲ್ಲ' ಎನ್ನುತ್ತಾರೆ. ನಾನು ಮಾಸ್ಟರಿಂಗ್ ಕೆಲಸ ಮಾಡುವವನು. ಹಾಡುಗಳ ಸದ್ದು ಹದಗೊಳಿಸಿ, ಅವನ್ನು ಸರದಿಯಲ್ಲಿ ಜೋಡಿಸಿ, ನಡುವೆ ಎಷ್ಟು ಮೌನ ಇರಬೇಕು ಎಂದು ತೀರ್ಮಾನಿಸುವುದು ನನ್ನ ದಿನದ ಕೆಲಸ. ಅವರಿಗೆ ನಾನು ಹೇಳುವುದಿಷ್ಟು: ನಿಮ್ಮ ಪ್ರತಿಯಲ್ಲಿ ಏನೂ ಕಳೆದುಹೋಗಿಲ್ಲ. ಸಿಡಿಯಲ್ಲಿ ಒಂದು ಹಾಡು ಸೇರಿಕೊಂಡಿದೆ.

ಆ ಹಾಡು 'ಬಿ.ಐ.ಬಿ.ಎಲ್.ಇ.'. ಅದನ್ನು ಗಮನವಿಟ್ಟು ಕೇಳಿ. ಅದರಲ್ಲಿ ಜಿಝಾನ ದನಿಯೇ ಇಲ್ಲ. ಜಿಝಾ ಸೇರಿದ ರ್ಯಾಪ್ ಗುಂಪು ವು-ಟ್ಯಾಂಗ್, ಅದರ ಬಳಗದ ಕಿಲ್ಲಾ ಪ್ರೀಸ್ಟ್ ಒಬ್ಬನೇ ಹಾಡುತ್ತಾನೆ. ಆಲ್ಬಂನ ಉಳಿದೆಲ್ಲ ಹಾಡುಗಳ ಬೀಟ್ ಅದೇ ಗುಂಪಿನ ರಿಝಾನದು. ಇದೊಂದನ್ನು ಮಾತ್ರ ಫೋರ್ತ್ ಡಿಸೈಪಲ್ ಎಂಬ ಇನ್ನೊಬ್ಬ ಬೀಟ್ ಕಟ್ಟುವವನು ಮಾಡಿದ್ದಾನೆ. ಮೊದಲ ಹನ್ನೆರಡು ಹಾಡುಗಳಲ್ಲಿ ಕತ್ತಿ, ಚದುರಂಗ, ಚಳಿ, ಬೀದಿಯ ಲೆಕ್ಕಾಚಾರ ಇದೆ. 1980ರ 'ಶೋಗನ್ ಅಸಾಸಿನ್' ಸಿನಿಮಾದಿಂದ ತೆಗೆದ ಮಾತಿನ ತುಣುಕುಗಳು ನಡುನಡುವೆ ಬರುತ್ತವೆ. ಹದಿಮೂರನೆಯದು ಬಂದ ಕೂಡಲೇ ಗಾಳಿಯೇ ಬದಲಾಗುತ್ತದೆ. ದೇವರು, ಧರ್ಮಗ್ರಂಥ, ಬೋಧಕರು ಇವರನ್ನೆಲ್ಲ ಪ್ರಶ್ನಿಸುವ ಹುಡುಗನೊಬ್ಬನ ಹುಡುಕಾಟ ಅದು. ನನಗೆ ತುಂಬಾ ಇಷ್ಟದ ಹಾಡು. ಆದರೂ ಆಲ್ಬಂ ಮುಗಿಯುವುದು ಹನ್ನೆರಡನೆಯ 'ಐ ಗಾಟ್‌ಚ ಬ್ಯಾಕ್'ನಲ್ಲೇ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಜಿಝಾ ತನ್ನ ಮಾತು ಮುಗಿಸಿರುತ್ತಾನೆ.

ಸಿಡಿಗೆ ಹಾಡು ಸೇರಿಸುವುದು ಯಾಕೆ ಸುಲಭ, ಎಲ್‌ಪಿಗೆ ಯಾಕೆ ಕಷ್ಟ? ಸಿಡಿಯಲ್ಲಿ 74 ನಿಮಿಷ ಸಿಗುತ್ತದೆ. ಹಾಡು ಎಷ್ಟೇ ಇದ್ದರೂ ಸದ್ದಿನ ಗುಣ ಬದಲಾಗುವುದಿಲ್ಲ. ಎಲ್‌ಪಿಯಲ್ಲಿ ಹಾಗಲ್ಲ. ಅಲ್ಲಿ ಸದ್ದು ಎಂದರೆ ತಟ್ಟೆಯ ಮೇಲೆ ಕೊರೆದ ಗೆರೆ. ಬೇಸ್, ಅಂದರೆ ತಗ್ಗಿನ ಸ್ವರದ ಸದ್ದು, ಜೋರಾದಷ್ಟೂ ಗೆರೆ ಅಗಲಕ್ಕೆ ಓಲಾಡುತ್ತದೆ. ಪಕ್ಕದ ಗೆರೆಗೆ ತಾಗಬಾರದೆಂದರೆ ನಡುವೆ ಜಾಗ ಬಿಡಬೇಕು, ಹೊಲದಲ್ಲಿ ಸಾಲಿನಿಂದ ಸಾಲಿಗೆ ಅಂತರ ಬಿಟ್ಟ ಹಾಗೆ. ಜಾಗ ಬಿಟ್ಟರೆ ನಿಮಿಷ ಕಡಿಮೆ. 12 ಇಂಚಿನ ತಟ್ಟೆಯ ಒಂದು ಬದಿಗೆ 20 ನಿಮಿಷದ ಆಸುಪಾಸು ಇದ್ದರೆ ಆರಾಮ. ಅದಕ್ಕಿಂತ ಜಾಸ್ತಿ ತುರುಕಿದರೆ ಒಟ್ಟಾರೆ ಸದ್ದು ತಗ್ಗಿಸಬೇಕು, ಇಲ್ಲವೇ ಬೇಸ್ ಕತ್ತರಿಸಬೇಕು. ಹಿಪ್‌ಹಾಪ್‌ನಲ್ಲಿ ಕಿಕ್ ಡ್ರಮ್ಮು, ಬೇಸು ತೆಗೆದರೆ ಇನ್ನೇನು ಉಳಿಯುತ್ತದೆ?

ಇನ್ನೊಂದು ತೊಡಕು ಒಳಗಡೆಯ ಗೆರೆಗಳದು. ತಟ್ಟೆ ಒಂದೇ ವೇಗದಲ್ಲಿ ಸುತ್ತುತ್ತದೆ, ನಿಮಿಷಕ್ಕೆ ಮೂವತ್ಮೂರು ಸುತ್ತು ಚಿಲ್ಲರೆ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರುವಾಗ ಅದು 21ಕ್ಕೆ ಇಳಿದಿರುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಬರೆಯಬೇಕು. 'ಸ', 'ಶ' ಅಕ್ಷರಗಳು ಅಲ್ಲಿ ಕರಕರ ಎನ್ನತೊಡಗುತ್ತವೆ. ಮಾತೇ ಬಂಡವಾಳವಾದ ಸಂಗೀತಕ್ಕೆ ಇದು ದೊಡ್ಡ ಪೆಟ್ಟು. ಬದಿಯ ಕೊನೆಗೆ ಇನ್ನೊಂದು ಹಾಡು ಸೇರಿಸಿದರೆ ಅದು ಬೀಳುವುದು ಇದೇ ಕೆಟ್ಟ ಜಾಗಕ್ಕೆ.

ಕ್ಯಾಸೆಟ್‌ನ ಲೆಕ್ಕ ಬೇರೆ. ಟೇಪನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ತುಂಬುತ್ತಿದ್ದರು. ಎರಡೂ ಬದಿ ಹೆಚ್ಚುಕಡಿಮೆ ಸಮ ಇದ್ದರೆ ಸಾಕಿತ್ತು. ಆದರೆ ಬದಿ ತಿರುಗಿಸುವ ಜಾಗ ಅಲ್ಲೂ ಮುಖ್ಯ. ವು-ಟ್ಯಾಂಗ್ ಬಳಗದ 1993ರ ಮೊದಲ ಆಲ್ಬಂನಲ್ಲಿ ಒಂದು ಬದಿಗೆ 'ಶಾವೊಲಿನ್ ಸೋರ್ಡ್', ಇನ್ನೊಂದಕ್ಕೆ 'ವು-ಟ್ಯಾಂಗ್ ಸೋರ್ಡ್' ಎಂದು ಹೆಸರಿಟ್ಟರು. ಸಿಡಿಯಲ್ಲಿ ಕೇಳುವಾಗ ಆ ಎರಡು ಭಾಗಗಳ ನಡುವಿನ ತಿರುವು ಗೊತ್ತೇ ಆಗುವುದಿಲ್ಲ. ಅದೇ ಬಳಗದ ರ್ಯಾಪರ್ ರೇಕ್ವಾನ್‌ನ 1995ರ 'ಓನ್ಲಿ ಬಿಲ್ಟ್ 4 ಕ್ಯೂಬನ್ ಲಿಂಕ್ಸ್' ನೇರಳೆ ಬಣ್ಣದ ಕ್ಯಾಸೆಟ್‌ನಿಂದಲೇ ಹೆಸರಾಯಿತು. ಆ ಆಲ್ಬಂನಲ್ಲೂ 'ನಾರ್ತ್ ಸ್ಟಾರ್' ಸಿಡಿಗೆಂದು ಸೇರಿಸಿದ ಹೆಚ್ಚುವರಿ ಹಾಡು, ಬೋನಸ್ ಟ್ರ್ಯಾಕ್.

ಹೀಗೆ ಸಿಡಿಗೆ ಹಾಡು ಸೇರಿಸುವುದರ ಹಿಂದೆ ವ್ಯಾಪಾರವೂ ಇತ್ತು, ಅಲ್ವಾ? ಸಿಡಿ ದುಬಾರಿ. ಕೊಳ್ಳುವವರಿಗೆ ಏನಾದರೂ ಜಾಸ್ತಿ ತೋರಿಸಬೇಕಿತ್ತು. ಜಪಾನ್‌ನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಒತ್ತಿದ ಸಿಡಿಗಳ ಬೆಲೆಯನ್ನು ಅಂಗಡಿಯವರು ಇಳಿಸುವಂತಿರಲಿಲ್ಲ. ಅಮೆರಿಕದಿಂದ ಬಂದ ಅದೇ ಆಲ್ಬಂ ಕಡಿಮೆಗೆ ಸಿಗುತ್ತಿತ್ತು. ಹಾಗಾಗಿ ಜಪಾನ್ ಪ್ರತಿಗೆ ಮಾತ್ರ ಎಂದು ಒಂದೆರಡು ಹಾಡು ಕೇಳಿ ಪಡೆಯುವುದು ರೂಢಿಯಾಯಿತು.

ಈಗ ಸ್ಟ್ರೀಮಿಂಗ್. ಅಲ್ಲಿ 'ಬಿ.ಐ.ಬಿ.ಎಲ್.ಇ.' ಸುಮ್ನೆ ಹದಿಮೂರನೇ ಹಾಡು. ಹೊಸದಾಗಿ ಕೇಳುವವರಿಗೆ ಅದು ಹೆಚ್ಚುವರಿಯಾಗಿ ಸೇರಿದ್ದು ಎಂದು ಹೇಳುವವರೇ ಇಲ್ಲ. ಹಾಡು ಎಲ್ಲರಿಗೂ ಸಿಗುತ್ತಿರುವುದು ಒಳ್ಳೆಯದೇ. ನನಗೆ ನೋವಾಗುವುದು ಆಲ್ಬಂನ ಕೊನೆ ಅಳಿಸಿಹೋಗುವುದಕ್ಕೆ. ಇನ್ನಷ್ಟು ಹಾಡು ಸೇರಿಸಿ ತರುವ ಡಿಲಕ್ಸ್ ಆವೃತ್ತಿಗಳಲ್ಲಂತೂ ಕೊನೆಯ ಹಾಡು ಮುಗಿದ ಕ್ಷಣವೇ ಯಾವುದೋ ರೀಮಿಕ್ಸ್ ಮೇಲೆ ಬಿದ್ದುಬಿಡುತ್ತದೆ.

ಕನ್ನಡದಲ್ಲಿ ರ್ಯಾಪ್ ಮಾಡುವ ಹುಡುಗರು ಆಲ್ಬಂ ತಂದು, ಕೊನೆಗೆ ಒಂದು ರೀಮಿಕ್ಸ್ ಹಾಕೋಣವಾ ಎಂದು ಕೇಳುತ್ತಾರೆ. ಹಾಕೋಣ, ಆದರೆ ಮೊದಲು ಆಲ್ಬಂ ಮುಗಿಯಲಿ ಎನ್ನುತ್ತೇನೆ. ನಿಜವಾದ ಕೊನೆಯ ಹಾಡಿನ ನಂತರ ಎಂಟು ಹತ್ತು ಸೆಕೆಂಡು ಖಾಲಿ ಬಿಡುತ್ತೇನೆ. ಸ್ಟ್ರೀಮಿಂಗ್‌ಗೆ ಪ್ರತಿ ಹಾಡೂ ಬೇರೆ ಫೈಲ್ ಆದ್ದರಿಂದ ಆ ಮೌನವನ್ನು ಅದೇ ಹಾಡಿನ ಫೈಲ್‌ನ ಬಾಲಕ್ಕೆ ಸೇರಿಸಬೇಕು. ಮುಂದಿನ ಫೈಲ್‌ನ ತಲೆಗೆ ಹಾಕಿದರೆ, ರೀಮಿಕ್ಸ್ ಒಂದನ್ನೇ ಒತ್ತಿದವರು ಏನೂ ಕೇಳಿಸದೆ ಕಾಯುತ್ತಾ ಕೂರಬೇಕಾಗುತ್ತದೆ.