ಮುತ್ತಾತನ ಅಪ್ಪ ಯಾರು? ಹಳೇ ಪಹಣಿಯನ್ನು ಕೇಳಿ

ಪ್ರಶ್ನೆ: ನಾವಿರುವುದು ರಾಜಾಜಿನಗರದಲ್ಲಿ. ಮುತ್ತಾತ ಮಾಗಡಿ ಕಡೆಯ ಹಳ್ಳಿಯಿಂದ ಬಂದವರಂತೆ. ಅವರ ಹೆಸರು ಗೊತ್ತು, ಅವರಪ್ಪನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಜನನ ಪ್ರಮಾಣಪತ್ರ, ಜನಗಣತಿ ಅಂತ ಹುಡುಕಿದೆ, ಏನೂ ಸಿಗಲಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಮುತ್ತಾತನ ಹೆಸರು ಹಿಡಿದುಕೊಂಡು ಅಲೆಯುವುದನ್ನು ಸದ್ಯಕ್ಕೆ ಬಿಡಿ. ಅವರು ಉಳುತ್ತಿದ್ದ ಜಮೀನಿನ ಸರ್ವೆ ನಂಬರ್ ಯಾವುದು ಅಂತ ಪತ್ತೆ ಮಾಡಿ. ನಮ್ಮ ಕಡೆ ಸರ್ಕಾರ ಜೋಪಾನವಾಗಿ ಇಟ್ಟುಕೊಂಡಿದ್ದು ಕಂದಾಯದ ಲೆಕ್ಕ. ಯಾವ ಹೊಲಕ್ಕೆ ಯಾರು ಕಂದಾಯ ಕಟ್ಟಬೇಕು ಅನ್ನುವ ಆ ಲೆಕ್ಕದೊಳಗೇ ತಾತ ಮುತ್ತಾತಂದಿರೆಲ್ಲ ಇದ್ದಾರೆ.

ಜನನ ಪ್ರಮಾಣಪತ್ರ ಸಿಗದಿದ್ದರೆ ಆಶ್ಚರ್ಯವೇನಿಲ್ಲ. ಈಗಿನ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೂ ಮುಂಚೆ ಮನೆಯಲ್ಲೇ ಹುಟ್ಟಿದ ಹಳ್ಳಿ ಮಕ್ಕಳ ಹೆಸರನ್ನು ಯಾರಾದರೂ ಬರೆದಿಟ್ಟಿದ್ದರೆ ಅದು ಅದೃಷ್ಟ. ಜನಗಣತಿಯ ಆಸೆಯನ್ನೂ ಬಿಡಿ. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಮೇಲೆ ಗಣತಿಯ ಹಾಳೆಗಳನ್ನು ಜನರಿಗೆ ತೆರೆದಿಡುತ್ತಾರೆ, ಹಾಗಾಗಿ ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮನೆಮನೆಯ ವಿವರವನ್ನು ಹೊರಗಿನವರು ನೋಡುವ ಹಾಗಿಲ್ಲ.

ಈಗ ಹಳ್ಳಿಗೆ ಬನ್ನಿ. ನಿಮ್ಮವರು ಜಮೀನು ಮಾರಿ ಬಂದಿದ್ದರೂ ದಾಯಾದಿಗಳು ಯಾರಾದರೂ ಅಲ್ಲೇ ಇರುತ್ತಾರೆ, ಅಲ್ವಾ? ಅವರ ಪಹಣಿಯೇ (ಜಮೀನಿನ ಒಡೆತನ, ಬೆಳೆಯ ವಿವರವಿರುವ ಕಂದಾಯ ದಾಖಲೆ) ಸಾಕು. ಈಗಿನ ಪಹಣಿ ಸರ್ಕಾರದ 'ಭೂಮಿ' ಜಾಲತಾಣದಲ್ಲೇ ಸಿಗುತ್ತದೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅನ್ನುವ ವಿವರ ಮತ್ತು ಎಂ.ಆರ್. ನಂಬರ್ (ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ರಿಜಿಸ್ಟರಿನ ಸಂಖ್ಯೆ) ಇರುತ್ತದೆ. ಆ ನಂಬರ್ ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ ಮ್ಯುಟೇಷನ್ ನಕಲಿಗೆ ಅರ್ಜಿ ಹಾಕಿ. ಮಾಗಡಿ ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ರಾಮನಗರಕ್ಕೆ ಸೇರಿತು, ಈಗ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು. ಹಳೇ ಕಾಗದದಲ್ಲಿ ಬೇರೆ ಜಿಲ್ಲೆ ಕಂಡರೆ ಗಾಬರಿಯಾಗಬೇಡಿ. ಹೋಬಳಿ, ಗ್ರಾಮ, ಸರ್ವೆ ನಂಬರ್ ತಾಳೆಯಾದರೆ ಸಾಕು.

ಮ್ಯುಟೇಷನ್ ಹಾಳೆಯಲ್ಲಿ ಸಾಲು ಹೀಗಿರುತ್ತದೆ: "ಸದರಿ ಖಾತೆದಾರರಾದ ಹನುಮಂತಯ್ಯ ಬಿನ್ ಮರಿಯಪ್ಪ ಇವರು ಪೌತಿಯಾಗಿದ್ದು, ಇವರ ಮಗನಾದ ಮರಿಯಪ್ಪ ಇವರ ಹೆಸರಿಗೆ ಖಾತೆ." ಹೆಸರುಗಳು ಉದಾಹರಣೆಗೆ ಅಷ್ಟೇ. 'ಬಿನ್' ಅಂದರೆ ಇಂಥವರ ಮಗ, 'ಪೌತಿ' ಅಂದರೆ ತೀರಿಕೊಂಡಿದ್ದು. ಆದರೆ ನೋಡಿ, ಒಂದೇ ಸಾಲಿನಲ್ಲಿ ಮೂರು ತಲೆಮಾರು ಸಿಕ್ಕಿತು. ಮೊದಲ ಮರಿಯಪ್ಪ ತಾತ, ಕೊನೆಯ ಮರಿಯಪ್ಪ ಮೊಮ್ಮಗ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಹುಡುಕುವವರು ಎಡವುವುದು ಇಲ್ಲೇ. ಇಬ್ಬರನ್ನೂ ಒಬ್ಬರೇ ಅಂದುಕೊಂಡರೆ ಮಧ್ಯದ ತಲೆಮಾರು ಮಾಯ. ಪಕ್ಕದಲ್ಲಿರುವ ಎಕರೆ ಗುಂಟೆ, ಅಣ್ಣತಮ್ಮಂದಿರ ಹೆಸರು, ಇಸವಿ ಮೂರನ್ನೂ ಸೇರಿಸಿ ನೋಡಿ. ಕೆಲವು ಮನೆಗಳಲ್ಲಿ ಪೌತಿ ಖಾತೆಯನ್ನೇ ಮಾಡಿಸಿರುವುದಿಲ್ಲ, ಜಮೀನು ಇನ್ನೂ ಮುತ್ತಾತನ ಹೆಸರಲ್ಲೇ ಇರುತ್ತದೆ. ಬ್ಯಾಂಕ್ ಸಾಲಕ್ಕೆ ಅದು ತಲೆನೋವು, ನಿಮಗೆ ಮಾತ್ರ ಲಾಭ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರ್‌ವಾರು ಜಮೀನಿನ ಪಟ್ಟಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ಬೇಕು ಅಂತ ಹೆಸರು ಹೇಳಿಯೇ ಕೇಳಿ. ಸುಮ್ನೆ "ಹಳೇ ದಾಖಲೆ ಕೊಡಿ" ಅಂದರೆ ಕೆಲಸವಾಗುವುದಿಲ್ಲ. "ದಾಖಲೆ ಶಿಥಿಲವಾಗಿದೆ" ಅಂತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟರೆ ಉಪನೋಂದಣಿ ಕಚೇರಿಗೆ ತಿರುಗಿ. ಋಣಭಾರ ಪತ್ರ (ಜಮೀನಿನ ಮಾರಾಟ, ಅಡಮಾನಗಳ ನೋಂದಣಿ ಪಟ್ಟಿ, ಇ.ಸಿ.) ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದ್ದು. ಅದಕ್ಕೂ ಹಿಂದಿನದ್ದನ್ನು ಕೈಬರಹದ ಪುಸ್ತಕ ನೋಡಿ ಕೊಡಬೇಕು. ಮುತ್ತಾತ ಯಾವತ್ತೋ ಸಾಲಕ್ಕೆ ಜಮೀನು ಆಧಾರ ಮಾಡಿದ್ದರೆ ಆ ಪತ್ರದಲ್ಲಿ ಅವರಪ್ಪನ ಹೆಸರು ಇದ್ದೇ ಇರುತ್ತದೆ.

"ನಮ್ಮವರಿಗೆ ಸ್ವಂತ ಜಮೀನೇ ಇರಲಿಲ್ಲ" ಅನ್ನುವವರೇ ಜಾಸ್ತಿ. ಅವರಿಗೂ ಎರಡು ಕಡತಗಳಿವೆ, ಇವನ್ನು ಬಹಳ ಜನ ಮುಟ್ಟುವುದೇ ಇಲ್ಲ. ಒಂದು, ಗೇಣಿದಾರರ ಫಾರಂ ನಂ. 7. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಉಳುವವರು ತಮ್ಮ ಹೆಸರಿಗೆ ಜಮೀನು ಕೇಳಿ ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ ಇದು. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಅಪ್ಪ ಯಾರ ಹೊಲ ಗೇಣಿಗೆ ಮಾಡುತ್ತಿದ್ದರು ಅನ್ನುವ ಹೇಳಿಕೆಗಳು ಈ ಕಡತದಲ್ಲಿರುತ್ತವೆ. ಓದುವುದಕ್ಕೂ ಚೆನ್ನಾಗಿರುತ್ತದೆ, ಮನೆಯವರು ಮಾತಾಡಿದ ಹಾಗೇ ಇರುತ್ತದೆ. ಇನ್ನೊಂದು, ತೋಟಿ, ತಳವಾರ, ನೀರಗಂಟಿಯಂಥ ಊರ ಕೆಲಸಕ್ಕೆ ಕೊಟ್ಟಿದ್ದ ಇನಾಂ ಜಮೀನಿನ ಕಡತ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಆ ಜಮೀನನ್ನು ಅದೇ ಮನೆತನಗಳಿಗೆ ಮರುಮಂಜೂರು ಮಾಡಿದರು. ಕೆಲಸ ಅಪ್ಪನಿಂದ ಮಗನಿಗೆ ಬಂದಿದ್ದು ಅಂತ ತೋರಿಸಬೇಕಿದ್ದರಿಂದ ವಂಶದ ವಿವರವೂ ಜೊತೆಗೆ ಸೇರಿಕೊಂಡಿದೆ. ಪಟೇಲರು, ಶಾನುಭೋಗರ ಮನೆಗಳಿಗೂ ಇದೇ ಮಾತು.

ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟು ಹತ್ತಿದ್ದರೆ ಇನ್ನೂ ಒಳ್ಳೆಯದು! ವಿಭಾಗದ ದಾವೆಯಲ್ಲಿ ಮೂಲಪುರುಷನಿಂದ ಹಿಡಿದು ವಂಶವೃಕ್ಷವನ್ನೇ ಬರೆದಿರುತ್ತಾರೆ. ಎದುರು ಪಕ್ಷದವರು ಅದನ್ನು ಒಪ್ಪಿದ್ದರೆ ಅದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ದೃಢೀಕರಣವನ್ನು ನಾನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ. ವಾರಸುದಾರರು ಯಾರು ಅಂತ ನಾವೇ ಪ್ರಮಾಣ ಮಾಡಿ ಬರೆದುಕೊಟ್ಟಿದ್ದನ್ನು ವಿಚಾರಣೆ ಮಾಡಿ ದೃಢೀಕರಿಸುತ್ತಾರೆ. ನಮಗೇ ಗೊತ್ತಿಲ್ಲದ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು?

ಕಚೇರಿಯ ಹೊರಗೂ ಹುಡುಕಬಹುದು. ಊರಿನ ಹಿರಿಯರನ್ನು "ನಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರಾ?" ಅಂತ ಕೇಳಿ. ಉತ್ತರ ಕರ್ನಾಟಕದಲ್ಲಿ ಇವರು ಹೆಚ್ಚು ಪರಿಚಿತರು, ಹಳೇ ಮೈಸೂರು ಕಡೆಯೂ ಇದ್ದಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಒಕ್ಕಲು ಮನೆಗಳಿಗೆ ಬಂದು, ಆ ಮನೆಯ ವಂಶಾವಳಿ ಹೇಳಿ ದವಸ ಧಾನ್ಯ ಪಡೆಯುವುದು ಇವರ ಕಸುಬು. ಪುಸ್ತಕದಲ್ಲೂ ಬರೆದಿಟ್ಟುಕೊಂಡಿರುತ್ತಾರೆ. ಯಾವ ಊರಿಂದ ಯಾವ ಊರಿಗೆ ಬಂದಿರಿ ಅನ್ನುವುದನ್ನು ಇವರಷ್ಟು ಚೆನ್ನಾಗಿ ಹೇಳುವ ದಾಖಲೆ ಬೇರೆ ಇಲ್ಲ. ತೀರಾ ಮೇಲಿನ ತಲೆಮಾರುಗಳು ಪುರಾಣದ ಕಡೆ ವಾಲುತ್ತವೆ. ಕೆಳಗಿನ ಐದಾರು ಹೆಸರುಗಳನ್ನು ಮ್ಯುಟೇಷನ್ ಜೊತೆ ಇಟ್ಟು ನೋಡಿ. ಮನೆಯಿಂದ ಯಾರಾದರೂ ಕಾಶಿ, ಗಯಾ ಯಾತ್ರೆ ಮಾಡಿದ್ದರೆ ಅಲ್ಲಿನ ಪಂಡಾಗಳ (ಯಾತ್ರಿಕರ ಪುರೋಹಿತರ) ಬಳಿಯ ಪುಸ್ತಕದಲ್ಲೂ ಹೆಸರಿರಬಹುದು. ಜಿಲ್ಲೆ, ಊರು ಹೇಳಿದರೆ ಅವರು ಹುಡುಕಿ ತೆಗೆಯುತ್ತಾರೆ.

ದಂಡು ಪ್ರದೇಶದ ಕ್ರೈಸ್ತ ಕುಟುಂಬಗಳ ದಾರಿ ಬೇರೆ. ಅವರು ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ರಿಜಿಸ್ಟರ್‌ಗಳಿಂದ ಶುರು ಮಾಡಬೇಕು. ಕಂಟೋನ್ಮೆಂಟ್ 1947ರವರೆಗೂ ಬ್ರಿಟಿಷರ ಆಡಳಿತದಲ್ಲೇ ಇತ್ತು. ಅಲ್ಲಿನ ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಇಂಥ ಎಷ್ಟೋ ನಮೂದುಗಳ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬೆಂಗಳೂರೇ ನುಂಗಿದ ಹಳ್ಳಿಯವರಾದರೆ ಬಡಾವಣೆಗೆ ಜಮೀನು ತೆಗೆದುಕೊಂಡಾಗಿನ ರಾಜ್ಯಪತ್ರದ ಅಧಿಸೂಚನೆ ನೋಡಿ, ಸರ್ವೆ ನಂಬರ್ ಎದುರಿಗೇ ಖಾತೆದಾರರ ಹೆಸರಿರುತ್ತದೆ.

ಈ ಎಲ್ಲಾ ಕಂದಾಯ ಕಾಗದಗಳಲ್ಲಿ ಹೆಂಗಸರು ಸಿಗುವುದು ಮಾತ್ರ ಬಲು ಕಡಿಮೆ. ಸಿಕ್ಕರೂ "ಮುನಿಯಮ್ಮ ಕೋಂ ಹನುಮಂತಯ್ಯ" ಅಂತ ಗಂಡನ ಹೆಸರಿನ ಜೊತೆಗೆ, ಅದೂ ಹೆಚ್ಚಾಗಿ ವಿಧವೆಯಾದ ಮೇಲೆ. ಅವರಪ್ಪ ಯಾರು ಅಂತ ಆ ಹಾಳೆ ಹೇಳುವುದಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದ ತಿದ್ದುಪಡಿ 1994ರಲ್ಲಿ ಬಂದ ಮೇಲೆ ವಿಭಾಗ ಪತ್ರಗಳಲ್ಲಿ, ದಾವೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಜಾಸ್ತಿ ಕಾಣತೊಡಗಿತು. ಅದಕ್ಕಿಂತ ಹಿಂದಿನವರಿಗೆ ತವರಿನ ಊರು ಗೊತ್ತಿರಲೇಬೇಕು. ಮಾಗಡಿಗೆ ಹೊರಡುವ ಮುಂಚೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರಿಗೆ ಫೋನ್ ಮಾಡಿ, ಮುತ್ತಜ್ಜಿಯನ್ನು ಯಾವ ಊರಿಂದ ತಂದಿದ್ದರು ಅಂತ ಕೇಳಿ ಬರೆದುಕೊಳ್ಳಿ. ಆ ಊರೂ ಮಾಗಡಿ ತಾಲ್ಲೂಕಿನದೇ ಆಗಿದ್ದರೆ ಎರಡೂ ಅರ್ಜಿಗಳನ್ನು ಒಟ್ಟಿಗೇ ಹಾಕಿ ಬರಬಹುದು.