ಬೋರ್ಡ್ ಕೆಟ್ಟಿಲ್ಲ, ಚಾರ್ ನೋಡಿ

"ಸರ್, ಲ್ಯಾಪ್‌ಟಾಪ್‌ಗಿಂತ ಪೈ ಫಾಸ್ಟ್ ಐತಿ."

ಹೋದ ತಿಂಗಳು ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಕೂತು ಒಬ್ಬ ಹುಡುಗ ಹೀಗಂದಾಗ ನಗುವೂ ಬಂತು, ಸಿಟ್ಟೂ ಬಂತು. ಬಂದಿದ್ದು ಮೂವರು ಹುಡುಗರು, ಜೊತೆಗೆ ಅವರ ಲ್ಯಾಬ್ ಮೇಷ್ಟ್ರು. ಒಂದು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್ ಬೋರ್ಡ್), ಒಂದು ಪೊಟ್ಟಣ ಮಂಡಕ್ಕಿ-ಮಿರ್ಚಿ. ಕಾಲೇಜಿನ ಹಳೇ 8051 ಮೈಕ್ರೋಕಂಟ್ರೋಲರ್ ಕಿಟ್‌ಗಳು ಒಂದೊಂದಾಗಿ ಕೈಕೊಡುತ್ತಿವೆಯಂತೆ. ಅದಕ್ಕೆ ಹುಡುಗರೇ ಸಿ ಭಾಷೆಯಲ್ಲಿ 8051 ಎಮ್ಯುಲೇಟರ್, ಅಂದರೆ ಆ ಚಿಪ್ಪಿನ ಥರವೇ ನಡೆದುಕೊಳ್ಳುವ ಪ್ರೋಗ್ರಾಂ, ಬರೆದಿದ್ದರು. ಇಂಟೆಲ್ 1980ರಲ್ಲಿ ತಂದ ಚಿಪ್ಪು ಅದು, ಇವರ ಅಪ್ಪಂದಿರು ಆಗಿನ್ನೂ ಚಡ್ಡಿ ಹಾಕುತ್ತಿದ್ದರು. ಆದರೂ ಕೆಲಸ ಅಚ್ಚುಕಟ್ಟಾಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಎಲ್‌ಇಡಿ ಅರ್ಧ ಸೆಕೆಂಡ್ ಉರಿದು ಅರ್ಧ ಸೆಕೆಂಡ್ ಆರುತ್ತಿತ್ತು. ಅದೇ ಕೋಡ್ ಪೈ ಮೇಲೆ ಕಂಪೈಲ್ ಮಾಡಿದರೆ ಕೆಟ್ಟ ಟ್ಯೂಬ್‌ಲೈಟ್ ಥರ ಪಟಪಟ ಅನ್ನುತ್ತಿತ್ತು.

ಪೈ ಫಾಸ್ಟ್ ಆಗಿದ್ದರೂ ಹೀಗಾಗಬಾರದು. ಅಸಲಿ ಚಿಪ್ಪಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ತೆಗೆದುಕೊಳ್ಳುವ ಹಾಗೆ ಅವರೇ ಬರೆದಿದ್ದಾರೆ. 12 ಮೆಗಾಹರ್ಟ್ಸ್ ಕ್ರಿಸ್ಟಲ್, ಒಂದು ಮಷೀನ್ ಸೈಕಲ್‌ಗೆ ಒಂದು ಮೈಕ್ರೋಸೆಕೆಂಡ್. ಇದನ್ನು ಹೇಳಿದಾಗ ಮೇಷ್ಟ್ರು ಮೆಲ್ಲಗೆ, "ಹಂಗಾದ್ರೆ ಬೋರ್ಡೇ ಸರಿ ಇಲ್ಲ ಅನ್ಸುತ್ತೆ, ಬದಲಾಯಿಸಿ ತರೋಣ" ಅಂದರು.

ಈ ಮಾತನ್ನು ನಾನು ವರ್ಷಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಸರಿ ಇತ್ತು, ಪೈನಂಥ ಆರ್ಮ್ ಚಿಪ್ಪಿನ ಬೋರ್ಡ್‌ನಲ್ಲಿ ಕೆಟ್ಟಿತು, ಅಂದರೆ ಬೋರ್ಡಿನ ತಪ್ಪು. ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಕೋಡಿನಲ್ಲೇ ಮೊದಲಿಂದ ಕೂತಿರುತ್ತದೆ. ಲ್ಯಾಪ್‌ಟಾಪ್ ಅದನ್ನು ಮುಚ್ಚಿಟ್ಟಿರುತ್ತದೆ, ಅಷ್ಟೆ.

ಎಲ್‌ಇಡಿ ಮಿನುಗಿಸುವ 8051 ಪ್ರೋಗ್ರಾಂ ಎಲ್ಲಿ ಓಡುತ್ತಿದೆ ಅಂತ ಒಂದೊಂದು ಮೆಮೊರಿ ವಿಳಾಸವನ್ನೂ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ಪ್ರಿಂಟ್ ಮಾಡಿಸಿದೆ. 0008 ಬಂತು. ಆಮೇಲೆ 0108, 0109, ಹೀಗೇ ಮುಂದಕ್ಕೆ. ಇಡೀ ಪ್ರೋಗ್ರಾಂ ಇರುವುದೇ 16 ಬೈಟ್! 0108ರಲ್ಲಿ ಇವನಿಗೇನು ಕೆಲಸ?

0008ರಲ್ಲಿ ಇದ್ದದ್ದು ಹೊತ್ತು ಕಳೆಯುವ ಡಿಲೇ ಲೂಪ್. ಡಿಜೆಎನ್‌ಜಡ್, ಅಂದರೆ 'ಒಂದು ಕಳೆ, ಸೊನ್ನೆ ಆಗದಿದ್ದರೆ ಜಿಗಿ'. ಎಷ್ಟು ಜಿಗಿಯಬೇಕು ಅನ್ನುವುದು ಎರಡನೇ ಬೈಟಿನಲ್ಲಿದೆ: ಎಫ್‌ಇ. ಇದನ್ನು ಮೈನಸ್ ಎರಡು ಅಂತ ಓದಬೇಕು. ಎರಡು ಬೈಟ್ ಓದಿ ಮುಂದೆ ಬಂದವನು ಎರಡು ಹೆಜ್ಜೆ ಹಿಂದೆ ಬಂದರೆ ಮತ್ತೆ ಅದೇ ಜಾಗ. ಲ್ಯಾಬ್‌ನಲ್ಲಿ ಪ್ರೋಗ್ರಾಂ ಕೊನೆಗೆ 80 ಎಫ್‌ಇ ಒತ್ತಿ 'ಇಲ್ಲೇ ನಿಲ್ಲು' ಅಂತೀವಲ್ಲ, ಅದೇ ಎಫ್‌ಇ.

ಹುಡುಗರು ಆ ಬೈಟನ್ನು ಬರಿ ಚಾರ್ (char, ಸಿ ಭಾಷೆಯಲ್ಲಿ ಒಂದು ಬೈಟ್ ಇಡುವ ಡಬ್ಬಿ) ಅಂತ ಹೇಳಿದ ವೇರಿಯಬಲ್‌ನಲ್ಲಿ ಇಟ್ಟಿದ್ದರು. ಇಲ್ಲೇ ಇರುವುದು ಎಡವಟ್ಟು. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರಾಗಬೇಡಿ.

ಗಡಿಯಾರದ ದೊಡ್ಡ ಮುಳ್ಳು 58ರ ಮೇಲಿದೆ ಅಂದುಕೊಳ್ಳಿ. ಒಬ್ಬರು 'ಎಂಟೂ ಐವತ್ತೆಂಟು' ಅಂತಾರೆ. ಇನ್ನೊಬ್ಬರು 'ಒಂಬತ್ತಕ್ಕೆ ಎರಡು ನಿಮಿಷ ಇದೆ' ಅಂತಾರೆ. ಮುಳ್ಳು ಅಲ್ಲೇ ಇದೆ, ಓದುವ ರೀತಿ ಬೇರೆ. ಎಫ್‌ಇ ಕೂಡ ಹಾಗೇ: ಒಬ್ಬರಿಗೆ 254, ಇನ್ನೊಬ್ಬರಿಗೆ ಮೈನಸ್ ಎರಡು. ಬರಿ ಚಾರ್ ಅಂತ ಬರೆದರೆ ಯಾವ ರೀತಿ ಓದಬೇಕು ಅಂತ ಸಿ ಭಾಷೆಯ ನಿಯಮ ಹೇಳುವುದೇ ಇಲ್ಲ. ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್‌ಗೇ ಬಿಟ್ಟಿದೆ. ಇಂಟೆಲ್ ಲಿನಕ್ಸ್‌ನಲ್ಲಿ ಅದು ಮೈನಸ್ ಇರುವ ಸಂಖ್ಯೆ. ಆರ್ಮ್ ಲಿನಕ್ಸ್‌ನಲ್ಲಿ ಮೈನಸ್ಸೇ ಇಲ್ಲ.

ಆರ್ಮ್‌ನವರಿಗೆ ಯಾಕೆ ಈ ಹಠ ಅಂತ ಕೇಳಬಹುದು. 1985ರ ಮೊದಲ ಆರ್ಮ್ ಚಿಪ್ಪಿಗೆ ಮೆಮೊರಿಯಿಂದ ಒಂದು ಬೈಟ್ ತರಲು ಒಂದೇ ದಾರಿ ಇತ್ತು, ಅದು ಮೈನಸ್ ಗೊತ್ತಿಲ್ಲದ ದಾರಿ. ಮೈನಸ್ ಬೇಕು ಅಂದರೆ ಎಡಕ್ಕೆ, ಬಲಕ್ಕೆ ಶಿಫ್ಟ್ ಮಾಡುವ ಜಾಸ್ತಿ ಕೆಲಸ. ಮೈನಸ್ ಸಮೇತ ಬೈಟ್ ತರುವ ಇನ್‌ಸ್ಟ್ರಕ್ಷನ್ ನಾಲ್ಕನೇ ಆವೃತ್ತಿಯಲ್ಲಿ ಬಂತು. ಅಷ್ಟರಲ್ಲಿ ಪದ್ಧತಿ ಗಟ್ಟಿಯಾಗಿತ್ತು.

ಈಗ ಪೈ ಮೇಲೆ ಏನಾಯಿತು ನೋಡಿ. ಎರಡು ಹಿಂದೆ ಬರಬೇಕಾದವನು 254 ಮುಂದೆ ಹಾರಿದ. ಅಲ್ಲಿ ಬರೀ ಸೊನ್ನೆಗಳು. 8051ರಲ್ಲಿ ಸೊನ್ನೆ ಅಂದರೆ 'ಏನೂ ಮಾಡಬೇಡ'. ಏನೂ ಮಾಡದೆ 64 ಕೆಬಿ ಮೆಮೊರಿಯ ಕೊನೆವರೆಗೂ ಜಾರಿ, ಅಲ್ಲಿಂದ ಸುತ್ತು ಹಾಕಿ ಮತ್ತೆ 0000ಕ್ಕೆ ಬಂದ. ಅಲ್ಲಿ ಮೊದಲ ಸಾಲೇ ಎಲ್‌ಇಡಿ ಬದಲಿಸುವುದು! 65 ಸಾವಿರ ಚಿಲ್ಲರೆ ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿಗೆ ಹದಿನೈದು ಸಲ. ಡಿಲೇ ಲೂಪ್ ಒಂದು ಸಲವೂ ಪೂರ್ತಿ ಓಡಿರಲಿಲ್ಲ. ದೀಪ ಮಿನುಗುತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಎಲ್ಲರೂ 'ಕೆಲಸ ಮಾಡ್ತಿದೆ, ಸ್ವಲ್ಪ ಫಾಸ್ಟ್' ಅಂದುಕೊಂಡಿದ್ದರು. ಪೂರ್ತಿ ನಿಂತುಹೋಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಸರಿ ಮಾಡುವುದು ಒಂದು ಪದದ ಕೆಲಸ. ಬರಿ ಚಾರ್ ತೆಗೆದು ಇಂಟ್8_ಟಿ (int8_t, ಮೈನಸ್ ಖಂಡಿತ ಇರುವ ಒಂದು ಬೈಟ್) ಅಂತ ಬರೆಯಿರಿ. 1999ರ ಸಿ ನಿಯಮದಿಂದಲೂ ಇದೆ. ಮೈನಸ್ ಬೇಡದ ಕಡೆ ಯುಇಂಟ್8_ಟಿ. ಎಮ್ಯುಲೇಟರ್‌ನಲ್ಲಿ ಬರಿ ಚಾರ್ ಇರಬೇಕಾದದ್ದು ಪರದೆಗೆ ಅಕ್ಷರ ಬರೆಯುವ ಕಡೆ ಮಾತ್ರ.

ಇದನ್ನು ಹೇಳಿದ ಕೂಡಲೇ ಒಬ್ಬ ಹುಡುಗ ಫೋನಿನಲ್ಲಿ ಹುಡುಕಿ, "ಸರ್, ಎಫ್-ಸೈನ್ಡ್-ಚಾರ್ ಅಂತ ಫ್ಲ್ಯಾಗ್ ಹಾಕಿದ್ರೆ ಸಾಕಂತೆ" ಅಂದ. ಚಾರ್‌ಗೆ ಮೈನಸ್ ಇರಲಿ ಅಂತ ಕಂಪೈಲರ್‌ಗೆ ಹೇಳುವ ಸೂಚನೆ ಅದು. ಸಾಕು, ಇವತ್ತಿಗೆ. ಮುಂದಿನ ವರ್ಷದ ಬ್ಯಾಚ್‌ನವರು ಮೇಕ್‌ಫೈಲ್ (ಕಂಪೈಲ್ ಮಾಡುವ ಸೂಚನೆಗಳ ಫೈಲ್) ಹೊಸದಾಗಿ ಬರೆದಾಗ ಆ ಫ್ಲ್ಯಾಗ್ ಬಿಟ್ಟುಹೋಗುತ್ತದೆ. ಮತ್ತೆ ನನ್ನ ಮನೆಗೆ ಮಂಡಕ್ಕಿ ಬರುತ್ತದೆ. ಮಂಡಕ್ಕಿಗೆ ನನ್ನ ತಕರಾರಿಲ್ಲ ಬಿಡಿ.

ನಾನು ಆ ಫ್ಲ್ಯಾಗನ್ನು ಉಲ್ಟಾ ಬಳಸುತ್ತೇನೆ. ಲ್ಯಾಪ್‌ಟಾಪ್‌ನಲ್ಲೇ ಎಫ್-ಅನ್‌ಸೈನ್ಡ್-ಚಾರ್ ಹಾಕಿ ಕಂಪೈಲ್ ಮಾಡಿ ಓಡಿಸಿ. ಈ ಜಾತಿಯ ತಪ್ಪಿದ್ದರೆ, ಬೋರ್ಡ್ ಕೊಳ್ಳುವ ಮೊದಲೇ ಬಹುಪಾಲು ಕಾಣಿಸಿಕೊಳ್ಳುತ್ತದೆ. ಇನ್ನೊಂದು ಮಾತು. 'ನಾವು ಆರ್ಮ್ ಮೇಲೆ ಟೆಸ್ಟ್ ಮಾಡಿದ್ದೀವಿ, ಆಪಲ್ ಎಂ1 ಮ್ಯಾಕ್‌ನಲ್ಲಿ' ಅನ್ನುವವರೂ ಇದ್ದಾರೆ. ಆಪಲ್‌ನವರು ತಮ್ಮ ಆರ್ಮ್ ಯಂತ್ರದಲ್ಲೂ ಚಾರ್‌ಗೆ ಮೈನಸ್ ಉಳಿಸಿಕೊಂಡಿದ್ದಾರೆ. ಅಲ್ಲಿ ಪಾಸಾದರೆ ಪೈ ಮೇಲೆ ಪಾಸಾದ ಹಾಗಲ್ಲ.

ಹುಡುಗರ ಕೋಡಿನಲ್ಲಿ ಇದರ ತಮ್ಮನೊಬ್ಬನೂ ಇದ್ದ. ರಾಮ್ (ROM) ಫೈಲನ್ನು, ಅಂದರೆ 8051 ಪ್ರೋಗ್ರಾಂ ಇರುವ ಫೈಲನ್ನು, ಒಂದೊಂದೇ ಬೈಟ್ ಓದಿ ಚಾರ್‌ನಲ್ಲಿಟ್ಟು, ಮೈನಸ್ ಒಂದು ಬಂದರೆ ಫೈಲ್ ಮುಗೀತು ಅಂತ ನೋಡುವುದು. ಪೈ ಮೇಲೆ ಮೈನಸ್ ಒಂದು ಬರುವುದೇ ಇಲ್ಲ, ಹಾಗಾಗಿ ಲೂಪ್ ಮುಗಿಯುವುದಿಲ್ಲ. ಇದಕ್ಕೆ ಹೆದರಿ ಪೈ ಮೇಲೆ ಅವರು ಪ್ರೋಗ್ರಾಂ ಬೈಟ್‌ಗಳನ್ನು ಕೋಡಿನೊಳಗೇ ಬರೆದುಕೊಂಡಿದ್ದರು. ಸರಿ, ಲ್ಯಾಪ್‌ಟಾಪ್‌ನಲ್ಲಾದರೂ ಅದು ಸರಿ ಇತ್ತಾ? ಇಲ್ಲ. ಫೈಲ್ ಮಧ್ಯೆ ಒಂದು ಎಫ್‌ಎಫ್ ಬೈಟ್ ಸಿಕ್ಕರೆ ಅಲ್ಲೇ ಮುಗೀತು ಅಂತ ಎದ್ದು ಬಿಡುತ್ತಿತ್ತು. ಖಾಲಿ ಈಪ್ರಾಮ್ (ಪ್ರೋಗ್ರಾಂ ಬರೆದಿಡುವ ಮೆಮೊರಿ ಚಿಪ್ಪು) ಜಾಗದಲ್ಲಿ ತುಂಬಿರುವುದೇ ಎಫ್‌ಎಫ್. ಇವರ 16 ಬೈಟ್‌ನಲ್ಲಿ ಅದು ಇರಲಿಲ್ಲ, ಬಚಾವಾದರು.

ಬೇರೆ ಗುಂಡಿಗಳೂ ಇವೆ. ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಜೊತೆಜೊತೆಗೇ ಓಡುವ ಕೆಲಸಗಳಲ್ಲಿ ಒಂದು) ಡೇಟಾ ಬರೆದು ಆಮೇಲೆ 'ರೆಡಿ' ಅಂತ ಬಾವುಟ ಎತ್ತಿದರೆ, ಆರ್ಮ್‌ನ ಇನ್ನೊಂದು ಕೋರ್‌ಗೆ ಬಾವುಟ ಮೊದಲು ಕಾಣಬಹುದು. ಸಿ ಭಾಷೆಯ ವೊಲಟೈಲ್ ಅನ್ನುವ ಪದ ಹಾಕಿದ್ದೀವಿ ಅಂತಾರೆ, ವೊಲಟೈಲ್ ಇರುವುದು ಅದಕ್ಕಲ್ಲ, ಕೋರ್‌ಗಳ ನಡುವೆ ಕ್ರಮ ಕಾಯುವ ಅಟಾಮಿಕ್ ಬೇಕು. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಇಂಟೆಲ್ ಪ್ರೋಗ್ರಾಮನ್ನೇ ಕೆಡವುತ್ತದೆ, 64 ಬಿಟ್ ಆರ್ಮ್ ಸುಮ್ನೆ ಸೊನ್ನೆ ಕೊಟ್ಟು ಮುಂದೆ ಹೋಗುತ್ತದೆ. ಇಲ್ಲಿ ಮುಚ್ಚಿಡುವವನು ಆರ್ಮ್. ಅಂದರೆ ಯಾರೂ ಪೂರ್ತಿ ಸಾಚಾ ಅಲ್ಲ. ಇವಕ್ಕೆಲ್ಲ ಕೋಡ್ ನೋಡದೆ ಔಷಧಿ ಹೇಳುವುದು ನನಗೆ ಇಷ್ಟವಿಲ್ಲ.

ಹುಡುಗರು ಪದ ಬದಲಿಸಿ ಮತ್ತೆ ಓಡಿಸಿದರು. ಅರ್ಧ ಸೆಕೆಂಡ್ ಉರಿಯಿತು, ಅರ್ಧ ಸೆಕೆಂಡ್ ಆರಿತು. ಮೊದಲು ಮಾತಾಡಿದ್ದ ಹುಡುಗ ಸಪ್ಪಗೆ, "ಸ್ಲೋ ಆತಲ್ಲ ಸರ್" ಅಂದ.

ಮೊನ್ನೆ ಇನ್ನೊಬ್ಬರ ಫೋನ್. ಮಂಡಕ್ಕಿ ಪ್ಯಾಕಿಂಗ್ ಯಂತ್ರ ಇಟ್ಟಿದ್ದಾರೆ. ಅದರ ಹಳೇ 89ಸಿ51 (8051 ಜಾತಿಯದೇ ಚಿಪ್ಪು) ಬೋರ್ಡ್ ಸುಟ್ಟಿದೆ. ಯಾರಿಂದಲೋ ಎಮ್ಯುಲೇಟರ್ ಬರೆಸಿ, ಹಳೇ ರಾಮ್ ಅನ್ನು ಪೈ ಮೇಲೆ ಓಡಿಸುತ್ತಿದ್ದಾರಂತೆ. "ಪಾಕೀಟು ತುಂಬೋಕೆ ಮೊದಲೇ ಸೀಲ್ ಬೀಳ್ತೈತಿ, ಪೈ ಬದಲಾಯಿಸಬೇಕೇನ್ರಿ?" ಬದಲಾಯಿಸಬೇಡಿ, ಮೊದಲು ಕೋಡ್ ಕಳಿಸಿ ಅಂದೆ. ವಾಟ್ಸಾಪ್‌ನಲ್ಲಿ ಕಂಪ್ಯೂಟರ್ ಪರದೆಯ ಹದಿನಾಲ್ಕು ಫೋಟೋ ಬಂದವು, ಎರಡು ಅಡ್ಡಡ್ಡ. ಮೂರನೇ ಫೋಟೋದಲ್ಲಿ, ಟ್ಯೂಬ್‌ಲೈಟಿನ ಬೆಳಕು ಬಿದ್ದ ಜಾಗದ ಪಕ್ಕದಲ್ಲೇ, ಬರಿ ಚಾರ್ ಕಂಡಿತು.